ಒನ್ ಬಿಎಚ್‌ಕೆಯಲ್ಲಿ ಎರಡು ಮಕ್ಕಳ ಆಟಿಕೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಮಕ್ಕಳಿಗೆ ಬೇರೆ ಕೋಣೆ ಅಂತಿಲ್ಲ. ಹಗಲೆಲ್ಲ ಆಡುವ ಹಾಲಿನಲ್ಲೇ ರಾತ್ರಿ ಹಾಸಿಗೆ ಬೀಳಬೇಕು. ಹಾಗಾಗಿ ಆಟಿಕೆ ಎತ್ತಿಡುವುದು ನಮಗೆ ಅಂದಚೆಂದದ ಮಾತಲ್ಲ.

ದೊಡ್ಡ ಪೆಟ್ಟಿಗೆ ಮಾತ್ರ ಬೇಡ. ತಳದಲ್ಲಿರುವ ಒಂದು ಕಾರಿಗಾಗಿ ಮಗು ಇಡೀ ಪೆಟ್ಟಿಗೆ ಬೋರಲು ಹಾಕುತ್ತದೆ. ಕ್ರಾಫರ್ಡ್ ಮಾರ್ಕೆಟ್ಟಿನಿಂದ ಮುಚ್ಚಳವಿಲ್ಲದ, ಗೇಣು ಆಳವೂ ಇಲ್ಲದ ಪ್ಲಾಸ್ಟಿಕ್ ಬುಟ್ಟಿ ತಂದು ದಿವಾನ್ ಕೆಳಗೆ ಸಾಲಾಗಿ ತಳ್ಳಿದ್ದೇನೆ. ಒಂದಕ್ಕೆ ಗಾಡಿಗಳು, ಒಂದಕ್ಕೆ ಬ್ಲಾಕ್ಸ್, ಇನ್ನೊಂದಕ್ಕೆ ಅಡುಗೆ ಸಾಮಾನು. ಅದಕ್ಕಿಂತ ಹೆಚ್ಚು ವಿಂಗಡಿಸಲು ಹೊರಟರೆ ಆ ಕೆಲಸ ಅಮ್ಮನ ತಲೆಗೇ ಬರುತ್ತದೆ. ಚಿಕ್ಕವಳಿಗೆ ಇನ್ನೂ ಓದಲು ಬಾರದು; ಆಟಿಕೆ ಡಬ್ಬಿಯ ಚಿತ್ರವನ್ನೇ ಕತ್ತರಿಸಿ ಬುಟ್ಟಿಗೆ ಅಂಟಿಸಿದ್ದೇನೆ. ಅವರಪ್ಪ "ಠಾಣೆ ಬಿಟ್ಟೆ" ಅಂತ ಲೋಕಲ್ ರೈಲಿನಿಂದ ಫೋನ್ ಮಾಡಿದೊಡನೆ ಎತ್ತಿಡಲು ಶುರು. ಗಾಡಿ ತಡವಾದ ದಿನ ಮಕ್ಕಳಿಗೆ ಹಬ್ಬ.

ಅರ್ಧಕ್ಕರ್ಧ ಆಟಿಕೆ ಸದಾ ಲಾಫ್ಟ್ ಮೇಲಿರುತ್ತದೆ. ಧಾರವಾಡದಿಂದ ಬಂದಿದ್ದ ಅತ್ತೆ, "ಎಲ್ಲಾ ಮ್ಯಾಲೆ ಒಗದ್ರ ಕೂಸು ಏನ್ ಆಡಬೇಕವಾ?" ಅಂದಿದ್ದರು. ತಿಂಗಳಿಗೊಮ್ಮೆ ಒಂದು ಬುಟ್ಟಿ ಇಳಿಸಿ ಇನ್ನೊಂದು ಏರಿಸುತ್ತೇನೆ, ಮರೆತೇಹೋಗಿದ್ದ ರೈಲಿಗೆ ಇಬ್ಬರೂ ಜಗಳವಾಡುವುದನ್ನು ನೋಡಿದ ಮೇಲೆ ಅತ್ತೆಯೇ ಫೋನಿನಲ್ಲಿ "ಈ ಸಲ ಯಾವ್ದು ಇಳಿಸೀದಿ?" ಅಂತ ಕೇಳುತ್ತಾರೆ.

ದೊಡ್ಡ ಮಗನ ಸಣ್ಣ ಬ್ಲಾಕುಗಳು, ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಇರುವ ಆಟಿಕೆಗಳು ಮಾತ್ರ ಮುಚ್ಚಳದ ಡಬ್ಬಿಯಲ್ಲಿ, ಕಪಾಟಿನ ಮೇಲಿನ ಹಲಗೆಯಲ್ಲಿ. ನುಂಗಿದ ಬಟನ್ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಇಲ್ಲಿಯ ಮಳೆಗಾಲ. ಜೂನ್ ಹತ್ತಿರ ಬಂತೆಂದರೆ ಬಟ್ಟೆ ಗೊಂಬೆಗಳನ್ನೆಲ್ಲ ಒಗೆದು, ಮೇ ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಚೀಲಕ್ಕೆ ಹಾಕಬೇಕು. ಒಳಗಿನ ಹತ್ತಿ ಸ್ವಲ್ಪ ಹಸಿಯಿದ್ದರೂ ಬೂಷ್ಟು ಖಂಡಿತ. ಲಾಫ್ಟ್‌ಗೆ ಹೋಗುವ ಆಟಿಕೆಯ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗ್ ಹಸಿರುಗಟ್ಟುತ್ತದೆ. ಚನ್ನಪಟ್ಟಣದ ಬುಗುರಿ, ಗಿಲಕಿಗಳದ್ದು ಅರಗಿನ ಬಣ್ಣ, ಕೆಳಗೆ ಮರ. ನೀರಲ್ಲಿ ನೆನೆಸದೆ ಒಣಬಟ್ಟೆಯಲ್ಲಿ ಒರೆಸುತ್ತೇನೆ.

ದೀಪಾವಳಿಗೆ ಬಿಲ್ಡಿಂಗಿನ ಮಕ್ಕಳೆಲ್ಲ ಸೇರಿ ಕಟ್ಟುವ ಮಣ್ಣಿನ ಕಿಲ್ಲೆಯ (ಕೋಟೆಯ) ಮೇಲೆ ನಿಲ್ಲಿಸುವ ಶಿವಾಜಿ, ಅವನ ಸೈನಿಕರಾದ ಮಾವಳೆಯರ ಗೊಂಬೆಗಳಿಗೆ ಶೂ ಡಬ್ಬಿ ಸಾಕು. ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತುವ ಕೆಲಸ ಮಗನದ್ದೇ. ಕತ್ತಿ ಹಿಡಿದ ಕೈಗಳೇ ಮೊದಲು ಮುರಿಯುವುದು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.