ಪೀಣ್ಯದಲ್ಲಿ ಕೆಲಸ ಕಲಿತು ಮೇಲೆ ಬರುವುದು ಹೇಗೆ?

ಎಸ್‌ಎಸ್‌ಎಲ್‌ಸಿ ಮುಗಿಸಿ ಕಲಬುರಗಿ, ರಾಯಚೂರು, ಕೋಲಾರಗಳಿಂದ ಬೆಂಗಳೂರಿಗೆ ಬರುವ ಅನೇಕ ಯುವಕ ಯುವತಿಯರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಹೇಗೋ ಕೆಲಸ ಹಿಡಿಯುತ್ತಾರೆ. ಆದರೆ ವರ್ಷಗಳು ಉರುಳಿದರೂ ಅದೇ ಯಂತ್ರದ ಮುಂದೆ, ಹೆಚ್ಚುಕಡಿಮೆ ಅದೇ ಸಂಬಳಕ್ಕೆ ಉಳಿದುಬಿಡುತ್ತಾರೆ. ಹಾಗಾಗಬಾರದೆಂದರೆ ಮೊದಲ ತಿಂಗಳ ಸಂಬಳವನ್ನು ಕೇಳುವುದಕ್ಕಿಂತ ಮುಂಚೆ ಅಲ್ಲಿ ಏನು ಕಲಿಸುತ್ತಾರೆ, ಕಲಿತದ್ದಕ್ಕೆ ಯಾವ ಪ್ರಮಾಣಪತ್ರ ಕೊಡುತ್ತಾರೆ ಎಂಬುದನ್ನು ವಿಚಾರಿಸಬೇಕು.

ಐಟಿಐಯಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ವೃತ್ತಿಗಳ ತರಬೇತಿ 2 ವರ್ಷದ್ದು, ವೆಲ್ಡರ್ ತರಬೇತಿ 1 ವರ್ಷದ್ದು. 2 ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯುವ ಅವಕಾಶವಿರುವುದರಿಂದ, ಓದು ಮುಂದುವರಿಸುವ ಆಸೆ ಇದ್ದವರು ಈ ದಾರಿಯನ್ನು ಕೈಬಿಡಬಾರದು. ಅಚ್ಚು ಮತ್ತು ಉಪಕರಣ ತಯಾರಿಕೆಯಲ್ಲಿ ಆಸಕ್ತಿ ಇದ್ದವರು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಆರಂಭವಾದ, ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ವಿಚಾರಿಸಬಹುದು. ಎಲ್ಲಿಯೇ ಸೇರುವುದಾದರೂ ಶುಲ್ಕ ಕಟ್ಟುವ ಮೊದಲು ಕಾರ್ಯಾಗಾರವನ್ನು ಕಣ್ಣಾರೆ ನೋಡಿ. ಲೋಹವನ್ನು ತಿರುಗಿಸಿ ಕಡೆಯುವ ಒಂದು ಲೇತಿನ ಸುತ್ತ ಹತ್ತು ಜನ ಕೈಕಟ್ಟಿ ನಿಂತಿದ್ದರೆ ಅಲ್ಲಿ ಕೈಗೆ ಕೆಲಸ ಬರುವುದಿಲ್ಲ.

ತರಬೇತಿಯ ನಂತರ ಅಪ್ರೆಂಟಿಸ್ ಆಗಿ, ಅಂದರೆ ಒಪ್ಪಂದದ ಮೇಲೆ ಕಾರ್ಖಾನೆಯಲ್ಲೇ ಕೆಲಸ ಕಲಿಯುವವರಾಗಿ, ಸೇರುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ, ಗುತ್ತಿಗೆಯವರನ್ನೂ ಸೇರಿಸಿ, ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆದಾರನೊಬ್ಬ ಬಾಯಿಮಾತಿನಲ್ಲಿ ‘ಟ್ರೈನಿ’ ಎಂದು ಕರೆದ ಮಾತ್ರಕ್ಕೆ ಯಾರೂ ಅಪ್ರೆಂಟಿಸ್ ಆಗುವುದಿಲ್ಲ. ಸರ್ಕಾರದ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಒಪ್ಪಂದ ನೋಂದಣಿಯಾಗಿರಬೇಕು ಮತ್ತು ಅದರ ಪ್ರತಿ ನಿಮ್ಮ ಕೈಯಲ್ಲಿರಬೇಕು. ಅವಧಿ ಮುಗಿದ ಮೇಲೆ ಅದೇ ಸಂಸ್ಥೆಯಲ್ಲಿ ನೌಕರಿ ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲ, ಆದರೆ ಪರೀಕ್ಷೆ ಪಾಸು ಮಾಡಿ ಪಡೆದ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಬೇರೆ ಕಡೆಗೂ ನಡೆಯುತ್ತದೆ.

ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಂತೆ ನಡೆಯುವ, ಯಂತ್ರದ ಕೆಲಸ ಸಿಕ್ಕವರು ವಿಶೇಷವಾಗಿ ಎಚ್ಚರದಿಂದಿರಬೇಕು. ಯಂತ್ರದ ಹಿಡಿತವಾದ ಚಕ್‌ಗೆ ಜಾಬ್ (ಕಡೆಯಬೇಕಾದ ಲೋಹದ ತುಂಡು) ಕಟ್ಟಿ, ಬಾಗಿಲು ಮುಚ್ಚಿ, ಗುಂಡಿ ಒತ್ತುವುದನ್ನು ಯಾರಾದರೂ ಕೆಲವೇ ದಿನಗಳಲ್ಲಿ ಕಲಿಯಬಲ್ಲರು. ಆದ್ದರಿಂದ ಅದಕ್ಕೆ ಬೆಲೆಯೂ ಕಡಿಮೆ. ಸಂಬಳ ಏರುವುದು ಆಪರೇಟರ್ ಆಗಿದ್ದವರು ಸೆಟ್ಟರ್, ಅಂದರೆ ಯಂತ್ರದ ಅಳತೆಗಳನ್ನು ಹೊಂದಿಸುವವರು, ಆದಾಗ. ಉದಾಹರಣೆಗೆ, ಡ್ರಾಯಿಂಗಿನಲ್ಲಿ ಶಾಫ್ಟಿನ ವ್ಯಾಸ 25.00 ಮಿ.ಮೀ. ಇದ್ದು ಮೈಕ್ರೋಮೀಟರು 25.03 ತೋರಿಸಿತೆನ್ನಿ. ಟೂಲಿನ ಕತ್ತರಿಸುವ ತುದಿಯಾದ ಇನ್ಸರ್ಟ್ ಸವೆದಾಗ ಹೊರವ್ಯಾಸ ಹೀಗೆ ಹೆಚ್ಚುತ್ತಾ ಹೋಗುತ್ತದೆ. ವ್ಯಾಸದ ಲೆಕ್ಕದಲ್ಲಿ ಪ್ರೋಗ್ರಾಂ ಮಾಡಿದ ಲೇತಿನಲ್ಲಿ ಆ ಟೂಲಿನ ವೇರ್ ಆಫ್‌ಸೆಟ್‌ನಿಂದ (ಸವೆತವನ್ನು ಸರಿದೂಗಿಸಲು ಯಂತ್ರಕ್ಕೆ ಕೊಡುವ ಅಂಕಿ), ವ್ಯಾಸವನ್ನು ನಿರ್ಧರಿಸುವ ಎಕ್ಸ್ ಅಕ್ಷದಲ್ಲಿ, 0.03 ಕಳೆದರೆ ಮುಂದಿನ ಜಾಬ್ ಅಳತೆಗೆ ಬರುತ್ತದೆ. ಸೆಟ್ಟರ್ ಈ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು, ಯಾವ ಅಂಕಿ ಏಕೆ ಬದಲಾಯಿತು ಎಂದು ಕೇಳಿ, ಪುಸ್ತಕದಲ್ಲಿ ಬರೆದಿಡಿ. ಅವರ ಒಪ್ಪಿಗೆ ಇಲ್ಲದೆ ಮಾತ್ರ ಆಫ್‌ಸೆಟ್ ಮುಟ್ಟಬೇಡಿ, ಏಕೆಂದರೆ ದಶಮಾಂಶ ಬಿಂದು ತಪ್ಪಾದರೂ ಟೂಲ್ ಹೋಗಿ ಚಕ್‌ಗೆ ಬಡಿಯಬಹುದು. ಜಾಬ್ ಕಟ್ಟುವುದನ್ನು ಬಿಟ್ಟು ಬೇರೇನನ್ನೂ ಕಲಿಸದ ಕಡೆ ವರ್ಷಗಟ್ಟಲೆ ನಿಲ್ಲಬೇಡಿ.

ಕಾಯಂ ಅಥವಾ ಗುತ್ತಿಗೆ ನೌಕರರಾಗಿ ಸೇರಿದವರು ಪಿಎಫ್‌ನ (ಭವಿಷ್ಯ ನಿಧಿ) ಖಾತೆಗಳನ್ನು ಗುರುತಿಸುವ ಯುಎಎನ್ ಸಂಖ್ಯೆಯನ್ನು, ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದರೆ ನೌಕರರ ವಿಮೆಯಾದ ಇಎಸ್‌ಐ ಕಾರ್ಡನ್ನೂ ಕೇಳಿ ಪಡೆಯಬೇಕು. ಕೆಲಸ ಬಿಡುವಾಗ ಅನುಭವ ಪತ್ರದಲ್ಲಿ ಬರೀ ‘ಆಪರೇಟರ್’ ಎಂದಿರದೆ, ನೀವು ನಡೆಸಿದ ಯಂತ್ರ, ಅದರ ಕಂಟ್ರೋಲರ್ (ಯಂತ್ರವನ್ನು ನಡೆಸುವ ಕಂಪ್ಯೂಟರ್ ಭಾಗ) ಮತ್ತು ಮಾಡಿದ ಸೆಟ್ಟಿಂಗ್ ಕೆಲಸದ ವಿವರ ಇರುವಂತೆ ಮೇಲ್ವಿಚಾರಕರಲ್ಲಿ ವಿನಂತಿಸಿಕೊಳ್ಳಿ.