ಬೆರಿಲಿಯಂ ಕ್ಲೋರೈಡನ್ನು ನಾನು ಪಾಠ ಮಾಡುವ ಬಗೆ

ಬೆಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನವಿಜ್ಞಾನ ಕಲಿಸುವ ನಾನು, ಪ್ರಥಮ ಪಿಯುಸಿಯ ರಾಸಾಯನಿಕ ಬಂಧದ ಅಧ್ಯಾಯವನ್ನು ಬೆರಿಲಿಯಂ ಕ್ಲೋರೈಡಿನಿಂದಲೇ (BeCl₂) ಆರಂಭಿಸುತ್ತೇನೆ. ಲೋಹವೂ ಕ್ಲೋರಿನ್ನೂ ಕೂಡಿದರೆ ಎಲೆಕ್ಟ್ರಾನನ್ನು ಕೊಟ್ಟು ಪಡೆಯುವ ಅಯಾನಿಕ ಬಂಧವೇ ಎಂದು ಹತ್ತನೆಯ ತರಗತಿಯಿಂದ ನಂಬಿಕೊಂಡು ಬಂದ ಮಕ್ಕಳ ಮುಂದೆ ಮೊದಲು ಅಂಕಿಗಳನ್ನು ಇಡುತ್ತೇನೆ. ಪೌಲಿಂಗ್ ಮಾಪಕದಲ್ಲಿ ಕ್ಲೋರಿನ್ನಿನ ವಿದ್ಯುದೃಣತೆ, ಅಂದರೆ ಬಂಧದ ಎಲೆಕ್ಟ್ರಾನುಗಳನ್ನು ಸೆಳೆಯುವ ಬಲ, 3.16, ಸೋಡಿಯಂನದು 0.93, ಬೆರಿಲಿಯಂನದು 1.57. ಸೋಡಿಯಂ–ಕ್ಲೋರಿನ್ ಅಂತರಕ್ಕಿಂತ ಬೆರಿಲಿಯಂ–ಕ್ಲೋರಿನ್ ಅಂತರ ಕಡಿಮೆ, ಅದರ ಮೇಲೆ, ಎರಡು ಧನಾವೇಶ ಹೊತ್ತ ಅತಿ ಪುಟ್ಟ ಬೆರಿಲಿಯಂ ಅಯಾನು ಕ್ಲೋರೈಡಿನ ಎಲೆಕ್ಟ್ರಾನು ಮೋಡವನ್ನು ತನ್ನತ್ತ ಬಲವಾಗಿ ಸೆಳೆಯುವುದರಿಂದ, ಬಂಧವು ಬಹುಮಟ್ಟಿಗೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವ ಸಹವೇಲೆನ್ಸಿಯದಾಗುತ್ತದೆ. ರಸಾಯನವಿಜ್ಞಾನಿ ಫಾಯಾನ್ಸ್ 1923ರಲ್ಲಿ ಹೇಳಿದ ನಿಯಮಗಳ ತಿರುಳೂ ಇದೇ.

ಆಕಾರಕ್ಕೆ ಹೆಚ್ಚು ಹೊತ್ತು ಬೇಡ. ಬೆರಿಲಿಯಂ ಸುತ್ತ ಎಲೆಕ್ಟ್ರಾನುಗಳ ಎರಡೇ ಬಂಧ ಜೋಡಿಗಳಿದ್ದು, ಬಂಧದಲ್ಲಿ ಸೇರದ ಒಂಟಿ ಜೋಡಿ ಇಲ್ಲದ ಕಾರಣ ಅಣು ರೇಖೀಯ, ಕೋನ 180 ಡಿಗ್ರಿ. ಪಕ್ಕದಲ್ಲೇ ತವರದ ಡೈಕ್ಲೋರೈಡನ್ನು ಬರೆದರೆ, ಒಂದು ಒಂಟಿ ಜೋಡಿ ಅಣುವನ್ನು ಬಾಗಿಸುವುದು ಕಾಣುತ್ತದೆ.

ನನ್ನ ಪ್ರಕಾರ ಪಾಠ ನಿಜವಾಗಿ ಶುರುವಾಗುವುದು ಇದಾದ ಮೇಲೆ. ರೇಖೀಯ ಅಣುವಿನಲ್ಲಿ ಬೆರಿಲಿಯಂ ಸುತ್ತ ಇರುವುದು ನಾಲ್ಕೇ ಎಲೆಕ್ಟ್ರಾನುಗಳು, ಎಂಟಾಗಲು ಇನ್ನೂ ನಾಲ್ಕು ಬೇಕು; ಅವು ಎಲ್ಲಿಂದ ಬರುತ್ತವೆ ಎಂಬುದನ್ನು ಮಾದರಿ ಕಟ್ಟಿ ನೋಡುತ್ತೇವೆ. ಬೆರಿಲಿಯಂ ಸಂಯುಕ್ತಗಳು ಶ್ವಾಸಕೋಶಕ್ಕೆ ವಿಷವಾದ್ದರಿಂದ ನಿಜವಾದ ವಸ್ತುವನ್ನು ತರಗತಿಗೆ ತರುವ ಮಾತೇ ಇಲ್ಲ. ಚಿಕ್ಕಪೇಟೆಯಿಂದ ತಂದ ಥರ್ಮಾಕೋಲ್ ಗುಂಡುಗಳು ಮತ್ತು ಹಲ್ಲುಕಡ್ಡಿಗಳೇ ಸಾಕು. ಪ್ರತಿ ಕ್ಲೋರಿನ್ ತನ್ನ ಒಂದು ಒಂಟಿ ಜೋಡಿಯನ್ನು ನೆರೆಯ ಬೆರಿಲಿಯಂಗೆ ಕೊಡುವಂತೆ ಮಕ್ಕಳೇ ಕಡ್ಡಿ ಚುಚ್ಚುತ್ತ ಹೋದಾಗ, ಘನಸ್ಥಿತಿಯ ಉದ್ದನೆಯ ಸರಪಳಿ ತಾನಾಗಿ ಬೆಳೆಯುತ್ತದೆ.

“ಮೇಡಂ, ಒಂದು ಬೆರಿಲಿಯಂಗೆ ನಾಲ್ಕು ಕ್ಲೋರಿನ್ ಬಂತಲ್ಲ, ಸೂತ್ರ ತಪ್ಪಾಗೋದಿಲ್ವಾ?” ಎಂದು ಯಾರಾದರೂ ಕೇಳುತ್ತಾರೆ, ಕೇಳದಿದ್ದರೆ ನಾನೇ ಕೇಳುತ್ತೇನೆ. ಪ್ರತಿ ಕ್ಲೋರಿನ್ ಎರಡು ಬೆರಿಲಿಯಂಗಳ ಪಾಲು, ಆದ್ದರಿಂದ ನಾಲ್ಕು ಅರ್ಧ ಸೇರಿ ಎರಡೇ.

ಆವಿಯಲ್ಲಿ ಈ ಸರಪಳಿ ಕಡಿದು ಎರಡು ಬೆರಿಲಿಯಂಗಳ ಜೋಡಿ ಅಣುಗಳೂ ಇರುತ್ತವೆ. ಸುಮಾರು 1200 ಕೆಲ್ವಿನ್‌ನಲ್ಲಿ ಅವೂ ಒಡೆದು ಒಂಟಿ ರೇಖೀಯ ಅಣುಗಳಾಗುತ್ತವೆ. ಪರೀಕ್ಷೆಯಲ್ಲಿ ‘ರೇಖೀಯ’ ಎಂದಷ್ಟೇ ಬರೆದರೂ ಅಂಕ ಸಿಗುತ್ತದೆ, ಆದರೆ ಯಾವ ಸ್ಥಿತಿಯಲ್ಲಿ ಎಂದು ಬರೆಯದ ಉತ್ತರವನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಕೊನೆಗೆ ಕೋನಗಳನ್ನು ನೋಡುತ್ತೇವೆ. ಸರಪಳಿಯ ಬೆರಿಲಿಯಂ ಚತುರ್ಮುಖೀಯ, ಅಂದರೆ ಅದರ ನಾಲ್ಕು ಬಂಧಗಳು ನಾಲ್ಕು ಮುಖದ ಆಕೃತಿಯೊಂದರ ಮೂಲೆಗಳತ್ತ ಚಾಚಿವೆ ಎಂದೊಡನೆ ಮಕ್ಕಳು 109.5 ಡಿಗ್ರಿ ಎನ್ನುತ್ತಾರೆ. ಆದರೆ ಎರಡು ಬೆರಿಲಿಯಂ, ಎರಡು ಕ್ಲೋರಿನ್ ಸೇರಿದ ಉಂಗುರದೊಳಗೆ ಬೆರಿಲಿಯಂ ಬಳಿಯ ಕೋನ ಸುಮಾರು 98, ಕ್ಲೋರಿನ್ ಬಳಿಯದು ಸುಮಾರು 82. ಉಂಗುರ ಸಮತಲದಲ್ಲಿರುವುದರಿಂದ ನಾಲ್ಕೂ ಕೋನಗಳನ್ನು ಕೂಡಿಸಿ 360 ಬರುತ್ತದೆಯೇ ಎಂದು ಅವರೇ ಪರೀಕ್ಷಿಸುತ್ತಾರೆ.