ಮೆಣಸಿನ ಜಾಡು ಹಿಡಿದು ಪೋರ್ಚುಗಲ್ ಸುತ್ತಿದ್ದು

ಮಕ್ಕಳು ವಾಟ್ಸಾಪಿನಲ್ಲಿ ಕಳಿಸಿದ ಪ್ಯಾಕೇಜ್ ಟೂರಿನ ಪಟ್ಟಿಯಲ್ಲಿ ಎರಡು ವಾರಕ್ಕೆ ಎಂಟು ದೇಶ ಇತ್ತು. ಬೆಳಿಗ್ಗೆ ಒಂದು ದೇಶದಲ್ಲಿ ತಿಂಡಿ, ರಾತ್ರಿ ಇನ್ನೊಂದರಲ್ಲಿ ಊಟ. ಓದುವಾಗಲೇ ಸುಸ್ತಾಯಿತು. ನಾನೂ ನಮ್ಮ ಯಜಮಾನರೂ ಅರವತ್ತೈದು ದಾಟಿದವರು. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಹೋಗುವುದೇ ಆದರೆ ಒಂದೇ ದೇಶ, ಅದೂ ನಿಧಾನಕ್ಕೆ ಅಂತ ತೀರ್ಮಾನ ಮಾಡಿದೆವು. ಯಾವ ದೇಶ ಅನ್ನುವುದಕ್ಕೆ ಜಾಸ್ತಿ ಚರ್ಚೆ ಆಗಲಿಲ್ಲ. "ನಮ್ಮ ಮೆಣಸು ಮಾರಿ ದೊಡ್ಡವರಾದವರ ಊರು ನೋಡ್ಕೊಂಡು ಬರೋಣ ಮಾರಾಯ್ತಿ" ಅಂದರು ಇವರು.

ನಮ್ಮ ಕಡೆಯವರಿಗೆ ಈ ಕತೆಯ ಅರ್ಧ ಭಾಗ ಗೊತ್ತೇ ಇದೆ. ಜೋಗದಿಂದ ಘಟ್ಟ ಇಳಿದರೆ ಗೇರುಸೊಪ್ಪೆ. ಅದನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಅವಳ ಕಾನೂರು ಕೋಟೆ ನಮ್ಮ ತಾಲ್ಲೂಕಿನ ಕಾಡೊಳಗೇ ಇದೆ. ಮುಂದೆ ಕೆಳದಿಯ ಶಿವಪ್ಪನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರು ಕೋಟೆಗಳಿಂದ ಪೋರ್ಚುಗೀಸರನ್ನು ಎಬ್ಬಿಸಿದ. ಇದೆಲ್ಲ ಶಾಲೆಯಲ್ಲಿ ಓದಿದ್ದು, ಜಗಲಿಯಲ್ಲಿ ಕೇಳಿದ್ದು. ಆದರೆ ಹಡಗು ಹತ್ತಿದ ಮೆಣಸು ಆಚೆ ದಡದಲ್ಲಿ ಏನಾಯಿತು? ಅದನ್ನು ನೋಡೋಣ ಅಂತ ಹೊರಟೆವು.

ಈ ಎಳೆ ಇಟ್ಟುಕೊಂಡಿದ್ದು ತುಂಬಾ ಉಪಯೋಗಕ್ಕೆ ಬಂತು. ಹಳೇ ಊರುಗಳನ್ನು ಸುಮ್ನೆ ನೋಡುತ್ತಾ ಹೋದರೆ ನಾಲ್ಕನೇ ಚರ್ಚಿನ ಹೊತ್ತಿಗೆ ಎಲ್ಲ ಒಂದೇ ಥರ ಕಾಣುತ್ತದೆ. ಚಿನ್ನದ ಬಣ್ಣ, ಮೇಣದ ಬತ್ತಿ, ಮತ್ತೊಂದು ಗೋಪುರ. ಏನಾದರೂ ಒಂದನ್ನು ಹುಡುಕುತ್ತಾ ಹೋದರೆ ಕಣ್ಣು ಚುರುಕಾಗುತ್ತದೆ. ನಮಗೆ ಮೆಣಸು. ಬೇರೆಯವರಿಗೆ ಮರಗೆಲಸ ಇರಬಹುದು, ಕೆರೆ ಬಾವಿ ಇರಬಹುದು.

ಹೊರಡುವ ಕಾಲ ತೋಟವೇ ಗೊತ್ತು ಮಾಡಿಕೊಟ್ಟಿತು. ಅಡಿಕೆ ಸುಲಿದು ಮುಗಿದು, ಮೆಣಸು ಕೊಯ್ದು ಒಣಗಿಸಿ ಚೀಲ ಕಟ್ಟುವಾಗ ಮಾರ್ಚ್ ಕಳೆಯುತ್ತದೆ. ಜೂನಿನಲ್ಲಿ ಮಳೆ ಹಿಡಿದರೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಲು ಮನೆಯಲ್ಲಿರಬೇಕು. ನಡುವೆ ಸಿಗುವ ಏಪ್ರಿಲ್, ಮೇ ಅಲ್ಲಿ ವಸಂತ. ಹದ ಬಿಸಿಲು. ಜುಲೈ, ಆಗಸ್ಟಿನಲ್ಲಿ ಹೋದರೆ ಎವೊರಾದಂಥ ಒಳನಾಡಿನ ಊರು ಕಾದ ಬಾಣಲೆ.

ವೀಸಾಕ್ಕೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನದೊಳಗೆ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಕೃಷಿಕರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ನಾವು ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿದೆವು. ಅಡಿಕೆ ಮಾರಿದ ಸೊಸೈಟಿಯ ಲೆಕ್ಕಪಟ್ಟಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆಗಿಟ್ಟೆವು. ತೋಟ ಬಿಟ್ಟು ಇವರು ಎಲ್ಲಿಗೂ ಓಡಿಹೋಗಲ್ಲ ಅಂತ ಅವರಿಗೆ ಅನ್ನಿಸಿರಬೇಕು, ವೀಸಾ ಬಂತು. ಇನ್ನೊಂದು ಮಾತು: ಹಾಲಿನ ಪದಾರ್ಥ ಒಯ್ಯಲು ಯುರೋಪಿನಲ್ಲಿ ಬಿಡುವುದಿಲ್ಲ. ಮನೆ ತುಪ್ಪದ ಡಬ್ಬಿಯನ್ನು ಬ್ಯಾಗಿನಿಂದ ತೆಗೆದಿಟ್ಟೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಮೂರು ಕವರಿನೊಳಗೆ ಸುತ್ತಿಕೊಂಡು ಬಂತು.

ದಿನಕ್ಕೊಂದು ಹೋಟೆಲ್ ಬದಲಿಸುವ ಗೋಜಿಗೆ ನಾವು ಹೋಗಲಿಲ್ಲ. ಲಿಸ್ಬನ್, ಎವೊರಾ, ಕೊಯಿಂಬ್ರಾ, ಹೀಗೆ ಮೂರು ಕಡೆ ಅಡುಗೆಮನೆ ಇರುವ ಸಣ್ಣ ಮನೆ ಹಿಡಿದೆವು. ವಾರಗಟ್ಟಲೆ ಹಿಡಿದರೆ ಬಾಡಿಗೆಯೂ ಇಳಿಯುತ್ತದೆ. ಅಲ್ಲಿಂದ ಸುತ್ತಲಿನ ಊರಿಗೆ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್. ಅಲ್ಲಿನ ಸರ್ಕಾರಿ ರೈಲಿನಲ್ಲಿ 65 ದಾಟಿದವರಿಗೆ ಅರ್ಧ ಟಿಕೆಟ್, ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಹೊರದೇಶದವರಿಗೂ ಇದೆ. ಮನೆ ಹಿಡಿಯುವಾಗ ಲಿಫ್ಟ್ ಉಂಟಾ ಅಂತ ಮಾತ್ರ ಕೇಳಿಕೊಳ್ಳಿ. ಹಳೇ ಬೀದಿಯ ಮನೆಗಳಲ್ಲಿ ಕಡಿದಾದ ಮರದ ಮೆಟ್ಟಿಲೇ ಗತಿ.

ದಿನಕ್ಕೆ ದುಡ್ಡು ಕೊಟ್ಟು ನೋಡುವುದು ಒಂದೇ ಜಾಗ ಅಂತ ಇಟ್ಟುಕೊಂಡೆವು. ಅದೂ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ. ಹತ್ತೂವರೆ ಆಯಿತೋ, ಟೂರ್ ಬಸ್ಸುಗಳು ಬಂದು ನಿಲ್ಲುತ್ತವೆ. ಆಮೇಲೆ ಕೋಲಿನ ತುದಿಗೆ ಬಾವುಟ ಕಟ್ಟಿಕೊಂಡ ಗೈಡುಗಳದ್ದೇ ರಾಜ್ಯ. ಮಧ್ಯಾಹ್ನ ಮನೆಗೆ ಬಂದು ಊಟ, ಒಂದು ನಿದ್ದೆ. ಸಂಜೆ ಬಸ್ಸುಗಳೆಲ್ಲ ಹೋದಮೇಲೆ ಮತ್ತೆ ಬೀದಿಗೆ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆವರೆಗೂ ಬೆಳಕು. ಸೋಮವಾರ ಬಹಳಷ್ಟು ಸ್ಮಾರಕಗಳಿಗೆ ರಜೆ, ಅವತ್ತು ಬಟ್ಟೆ ಒಗೆದೆವು.

ಲಿಸ್ಬನ್ನಿನಲ್ಲಿ ಮೊದಲು ಹೋಗಿದ್ದು ನದಿ ದಂಡೆಯ ದೊಡ್ಡ ಚೌಕಕ್ಕೆ. ಮೂರು ಕಡೆ ಹಳದಿ ಕಟ್ಟಡ, ನಾಲ್ಕನೇ ಕಡೆ ತೇಜು ನದಿ. ಈಗ ಅದರ ಹೆಸರು ವ್ಯಾಪಾರದ ಚೌಕ. ರಾಜನ ಅರಮನೆ ಇದ್ದದ್ದು ಅಲ್ಲೇ. ಅದರಲ್ಲೇ ಕಾಸಾ ದ ಇಂಡಿಯಾ, ಅಂದರೆ ನಮ್ಮ ಕಡೆಯ ಮೆಣಸು, ದಾಲ್ಚಿನ್ನಿ, ಲವಂಗ ಇಳಿಸಿಕೊಂಡು ಲೆಕ್ಕ ಬರೆದು ದರ ಕಟ್ಟುತ್ತಿದ್ದ ಕಚೇರಿ. ಈಗ ಒಂದು ಕಲ್ಲೂ ಇಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ ಭೂಕಂಪ ಆಯಿತು. ಹಬ್ಬದ ದಿನ, ಚರ್ಚುಗಳಲ್ಲಿ ದೀಪ ಉರಿಯುತ್ತಿತ್ತು, ಊರಿಗೆ ಬೆಂಕಿ ಹತ್ತಿತು. ಅದರ ಹಿಂದೆಯೇ ಸಮುದ್ರ ಉಕ್ಕಿ ಬಂತು. ಅರಮನೆಯೂ ಹೋಯಿತು, ಕಚೇರಿಯ ಕಾಗದಪತ್ರವೂ ಹೋಯಿತು. ಮೆಣಸಿನ ಲೆಕ್ಕ ನೋಡಲು ಅಷ್ಟು ದೂರ ಹೋದವರಿಗೆ ಸಿಕ್ಕಿದ್ದು ಖಾಲಿ ಚೌಕ!

ಚೌಕದ ಹಿಂದಿನ ಬೈಷಾ ಬಡಾವಣೆ ಮಾತ್ರ ಮನೆ ಕಟ್ಟಿಸಿದವರು ನೋಡಲೇಬೇಕು. ಭೂಕಂಪದ ನಂತರ ಮಂತ್ರಿ ಪೊಂಬಾಲ್ ಬೀದಿಗಳನ್ನು ದಾರ ಹಿಡಿದ ಹಾಗೆ ನೇರ ಮಾಡಿಸಿದ. ಗೋಡೆಯೊಳಗೆ ಮರದ ಚೌಕಟ್ಟು, ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಪಟ್ಟಿ. ನೆಲ ಅಲುಗಿದರೆ ಮರ ಬಳುಕಬೇಕು, ಮುರಿಯಬಾರದು. ಮಾದರಿ ಕಟ್ಟಿ, ಸುತ್ತ ಸೈನಿಕರನ್ನು ಕುಣಿಸಿ ಪರೀಕ್ಷೆ ಮಾಡಿದ್ದರಂತೆ. ಎದುರಿನ ಆಲ್ಫಾಮಾ ಗುಡ್ಡದ ಓಣಿಗಳು ಭೂಕಂಪ ತಡೆದು ಉಳಿದವು. ಅಲ್ಲಿ ನಕ್ಷೆ ಮಡಚಿ ಜೇಬಿಗಿಟ್ಟು ದಾರಿ ತಪ್ಪುವುದೇ ಸರಿ. ಇಳಿಯುತ್ತಾ ಹೋದರೆ ಕೊನೆಗೆ ನದಿ ಸಿಗುತ್ತದೆ. ಕವಲೇದುರ್ಗ ಹತ್ತಿದ ಕಾಲಿಗೆ ಏರು ಕಷ್ಟವಾಗಲಿಲ್ಲ. ಆದರೆ ನೆಲಕ್ಕೆ ಹಾಸಿದ ಸಣ್ಣ ಸಣ್ಣ ಸುಣ್ಣಕಲ್ಲು ನಡೆದೂ ನಡೆದೂ ನುಣ್ಣಗಾಗಿದೆ. ಮಳೆ ಹನಿ ಬಿದ್ದರೆ ಪಾಚಿ ಕಟ್ಟಿದ ಅಂಗಳವೇ. ರಬ್ಬರ್ ಅಡಿಯ ಶೂ ಬೇಕು, ಚಪ್ಪಲಿ ಬೇಡ. 28ನೇ ನಂಬರಿನ ಹಳೇ ಟ್ರಾಂ ಚಂದ ಉಂಟು, ಜೇಬುಗಳ್ಳರಿಗೂ ಅದೇ ಇಷ್ಟ. ಬೆಳಿಗ್ಗೆ ಬೇಗ ಹತ್ತಿ ಕೂತರೆ ತೊಂದರೆ ಇಲ್ಲ.

ಲಿಸ್ಬನ್ನಿನದೇ ಬಡಾವಣೆಯಾದ ಬೆಲೆಂನಲ್ಲಿ ಜೆರೋನಿಮೋಸ್ ಮಠ. ರಾಜ ಮನುವೆಲ್ 1501ರ ಸುಮಾರಿಗೆ ಕೆಲಸ ಶುರು ಮಾಡಿಸಿದ. ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲೆ ನೂರಕ್ಕೆ ಐದು ತೆರಿಗೆ ಎತ್ತಿ ಕಟ್ಟಿಸಿದ್ದು. ಆ ತೆರಿಗೆಯ ಹೆಸರಿನಲ್ಲೇ ಮೆಣಸು ಇದೆ. ತಮಾಷೆ ಅಂದರೆ ಮೆಣಸು, ದಾಲ್ಚಿನ್ನಿ, ಲವಂಗದ ಸುಂಕ ಇದಕ್ಕೆ ಸೇರುತ್ತಿರಲಿಲ್ಲ, ಅದು ನೇರ ರಾಜನ ಬೊಕ್ಕಸಕ್ಕೆ. ಒಳ್ಳೇ ಮಾಲು ಯಜಮಾನನಿಗೆ, ಉಳಿದದ್ದರಲ್ಲಿ ದೇವರಿಗೆ. ಕಂಬಗಳ ಮೇಲೆ ಹಡಗಿನ ಹಗ್ಗ, ಗಂಟು, ಬಳ್ಳಿ, ಎಲೆ ಎಲ್ಲ ಕೆತ್ತಿದ್ದಾರೆ. ಇವರು ಒಂದೊಂದು ಕಂಬದ ಹತ್ತಿರವೂ ನಿಂತು ಮೆಣಸಿನ ಕರೆ, ಅಂದರೆ ಕಾಳಿನ ಗೊಂಚಲು, ಇದೆಯಾ ಅಂತ ಹುಡುಕಿದರು. ಕಾಣಲಿಲ್ಲ.

ಚರ್ಚಿನ ಬಾಗಿಲ ಹತ್ತಿರ ವಾಸ್ಕೋ ಡ ಗಾಮನ ಸಮಾಧಿ. 1498ರಲ್ಲಿ ಕಲ್ಲಿಕೋಟೆಗೆ ಬಂದವನು 1524ರಲ್ಲಿ ಕೊಚ್ಚಿಯಲ್ಲಿ ಸತ್ತ. ಮೊದಲು ಅಲ್ಲೇ ಮಣ್ಣು ಮಾಡಿದ್ದರು, ಆಮೇಲೆ ಊರಿಗೆ ಒಯ್ದರು, 1880ರಲ್ಲಿ ಈ ಮಠಕ್ಕೆ ತಂದರು. ಬಿಳಿ ಕಲ್ಲಿನಲ್ಲಿ ಕೈಮುಗಿದು ಮಲಗಿದ್ದಾನೆ. ಜನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮಗೆ ಮನಸ್ಸಾಗಲಿಲ್ಲ. ಕರಾವಳಿಯಲ್ಲಿ ಅವನ ಹಡಗುಗಳು ಮಾಡಿದ ಅನಾಹುತ ನಾವೂ ಓದಿದ್ದೇವಲ್ಲ.

ಅಲ್ಲಿಂದ ನಡೆದು ಹೋಗುವ ದೂರದಲ್ಲಿ ಬೆಲೆಂ ಗೋಪುರ. ಅದರ ಮೂಲೆಯ ಪುಟ್ಟ ಬುರುಜಿನ ಬುಡದಲ್ಲಿ ಒಂದು ಖಡ್ಗಮೃಗದ ತಲೆ ಇದೆ. ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗ ಗೋವಾದ ಮೇಲೆ ಹಡಗು ಹತ್ತಿ 1515ರಲ್ಲಿ ಲಿಸ್ಬನ್ ಮುಟ್ಟಿತ್ತು. ಆ ನೆನಪಿಗೆ ಕೆತ್ತಿದ್ದಂತೆ. ಉಪ್ಪುಗಾಳಿಗೆ ಮೂಗು ಸವೆದು, ಹಂದಿಯೋ ಎಮ್ಮೆಯೋ ಹೇಳುವುದು ಕಷ್ಟ. ಗೊತ್ತಿಲ್ಲದವರು ನೋಡದೇ ಹೋಗುತ್ತಾರೆ.

ಎವೊರಾದಲ್ಲಿ ಮೆಣಸಿನ ಎಳೆ ಸ್ವಲ್ಪ ಸಡಿಲ. ಆದರೆ ನನಗೆ ಅತಿ ಇಷ್ಟವಾದ ಊರು ಅದೇ. ಸುತ್ತ ಕೋಟೆ ಗೋಡೆ, ಒಳಗೆ ಬಿಳಿ ಮನೆಗಳು, ಬಾಗಿಲಿಗೆ ಹಳದಿ ಅಂಚು. ಊರ ನೆತ್ತಿಯಲ್ಲಿ ರೋಮನ್ನರ ದೇವಸ್ಥಾನದ ಹದಿನಾಲ್ಕು ಕಂಬ. ಕಂಬ ಗ್ರಾನೈಟಿನದು, ತಲೆಯ ಕೆತ್ತನೆ ಅಮೃತಶಿಲೆಯದು. ಇಷ್ಟಾದರೂ ಹೇಗೆ ಉಳಿಯಿತು ಅಂದರೆ, ಕಂಬಗಳ ನಡುವೆ ಗೋಡೆ ಕಟ್ಟಿ 1836ರವರೆಗೂ ಅದನ್ನು ಕಸಾಯಿ ಅಂಗಡಿ ಮಾಡಿಕೊಂಡಿದ್ದರು. ಬಳಕೆಯಲ್ಲಿದ್ದ ಕಟ್ಟಡ ಬೀಳಲಿಲ್ಲ.

ಸಂತ ಫ್ರಾನ್ಸಿಸ್ ಚರ್ಚಿನ ಪಕ್ಕದಲ್ಲಿ ಮೂಳೆಗಳ ಗುಡಿ. ಗೋಡೆಗೆ ಇಟ್ಟಿಗೆಯ ಬದಲು ಮನುಷ್ಯರ ತಲೆಬುರುಡೆ, ತೊಡೆಮೂಳೆ. ಬಾಗಿಲ ಮೇಲೆ "ಇಲ್ಲಿರುವ ಮೂಳೆಗಳಾದ ನಾವು ನಿಮ್ಮ ಮೂಳೆಗಳಿಗೆ ಕಾಯುತ್ತಿದ್ದೇವೆ" ಅಂತ ಬರೆದಿದೆ. ಅರ್ಥ ಹೇಳಿದೆ. "ಕಾಯ್ಲಿ ಬಿಡು, ನಮಗೆ ಜೂನಿನಲ್ಲಿ ಔಷಧಿ ಹೊಡೆಸೋದಿದೆ" ಅಂದರು ಇವರು.

ಎವೊರಾದಲ್ಲಿ ನಾವು ದಿನಾ ಸಂಜೆ ಹೋಗುತ್ತಿದ್ದದ್ದು ಟಿಕೆಟ್ ಇಲ್ಲದ ಜಾಗಕ್ಕೆ. ಊರಿಗೆ ನೀರು ತರಲು 1530ರ ದಶಕದಲ್ಲಿ ಕಟ್ಟಿದ ಕಮಾನುಗಳ ಕಾಲುವೆ. ಕಟ್ಟಿದವನು ಬೆಲೆಂ ಗೋಪುರ ಕಟ್ಟಿದ ಫ್ರಾನ್ಸಿಸ್ಕೊ ದ ಅರುದಾನೇ. ಅಡಿಕೆ ಮರ ಸೀಳಿ, ತಿರುಳು ತೆಗೆದು, ಕವೆಗೋಲಿನ ಮೇಲಿಟ್ಟು ಗುಡ್ಡದ ಅಬ್ಬಿ ನೀರನ್ನು ಅಂಗಳಕ್ಕೆ ತರುತ್ತೇವಲ್ಲ, ಅದೇ ಲೆಕ್ಕಾಚಾರ, ಕಲ್ಲಿನಲ್ಲಿ. ಇಳಿಜಾರು ಒಂದು ಬೆರಳು ತಪ್ಪಿದರೂ ನೀರು ನಿಲ್ಲುತ್ತದೆ. ಊರ ಹತ್ತಿರ ಬಂದ ಹಾಗೆ ಕಮಾನು ಗಿಡ್ಡ ಆಗುತ್ತದೆ. ಆ ಕಮಾನುಗಳ ಕೆಳಗೇ ಜನ ಮನೆ ಕಟ್ಟಿಕೊಂಡಿದ್ದಾರೆ. ಎರಡು ಕಂಬದ ನಡುವೆ ಒಂದು ಬಾಗಿಲು, ಒಂದು ಕಿಟಕಿ, ಕಿಟಕಿಯಲ್ಲಿ ಒಣಗಿದ ಟವೆಲ್. ಒಬ್ಬ ಅಜ್ಜಿ ದಿನಾ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೂರನೇ ಸಂಜೆಗೆ ನಮ್ಮನ್ನು ಗುರುತು ಹಿಡಿದು ಕೈ ಎತ್ತಿದರು. ಒಂದೂರಲ್ಲಿ ಉಳಿದದ್ದರ ಲಾಭ ಇದು.

ಕೊಯಿಂಬ್ರಾ ವಿದ್ಯಾರ್ಥಿಗಳ ಊರು. ವಿಶ್ವವಿದ್ಯಾಲಯ ಶುರುವಾದದ್ದು 1290ರಲ್ಲಿ, ಇಲ್ಲಿ ಕಾಯಂ ನೆಲೆಸಿದ್ದು 1537ರಲ್ಲಿ. ಅಲ್ಲಿನ ಜೊವಾನಿನಾ ಗ್ರಂಥಾಲಯಕ್ಕೆ ಟಿಕೆಟಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಹೋಗಬೇಕು. ಪುಸ್ತಕ ತಿನ್ನುವ ಹುಳ ಹಿಡಿಯಲು ಅಲ್ಲಿ ಸಣ್ಣ ಬಾವಲಿಗಳನ್ನು ಇರಗೊಟ್ಟಿದ್ದಾರೆ. ರಾತ್ರಿ ಹಿಕ್ಕೆ ಬೀಳುತ್ತದೆ ಅಂತ ಮೇಜುಗಳಿಗೆ ಚರ್ಮ ಹೊದೆಸಿ, ಬೆಳಿಗ್ಗೆ ತೆಗೆದು ಒರೆಸುತ್ತಾರೆ. ತೋಟದಲ್ಲಿ ಅಡಿಕೆ ಚೀಪಿ ಉಗಿಯುವ ದೊಡ್ಡ ಬಾವಲಿ ಕಂಡು ಗೊತ್ತಿದ್ದ ನಮಗೆ ಬಾವಲಿಗೆ ಸರ್ಕಾರಿ ಕೆಲಸ ಕೊಟ್ಟಿದ್ದು ನೋಡಿ ನಗು ಬಂತು.

ಲಿಸ್ಬನ್ ಹತ್ತಿರದ ಸಿಂತ್ರಾದ ಅರಮನೆ ಎಲ್ಲರೂ ಹೊಗಳುತ್ತಾರೆ. ಬಣ್ಣ ಚಂದ, ಕ್ಯೂ ಉದ್ದ. ಒಂದು ಸಲ ಸಾಕು.

ತೊಮಾರ್ ಮಾತ್ರ ಬಿಡಬೇಡಿ. ಲಿಸ್ಬನ್ನಿಂದ ರೈಲಿನಲ್ಲಿ ಎರಡು ಗಂಟೆ ಹತ್ತಿರ. ಗುಡ್ಡದ ಮೇಲೆ 1160ರಲ್ಲಿ ಟೆಂಪ್ಲರ್ ಅನ್ನುವ ಯೋಧ ಸನ್ಯಾಸಿಗಳು ಶುರು ಮಾಡಿದ ಕೋಟೆ. ಅವರ ಪಂಗಡ ಮುಚ್ಚಿದ ಮೇಲೆ ಆಸ್ತಿಯೆಲ್ಲ ಆರ್ಡರ್ ಆಫ್ ಕ್ರೈಸ್ಟ್ ಅನ್ನುವ ಹೊಸ ಪಂಗಡಕ್ಕೆ ಬಂತು. ಅದರ ಮುಖ್ಯಸ್ಥನಾಗಿದ್ದ ರಾಜಕುಮಾರ ಹೆನ್ರಿ ಆ ದುಡ್ಡಿನಲ್ಲಿ ಆಫ್ರಿಕಾ ದಂಡೆಗೆ ಹಡಗು ಕಳಿಸಿದ. ನಮ್ಮ ಕಡಲಿಗೆ ಬಂದ ಹಡಗುಗಳ ಹಾಯಿಯ ಮೇಲಿದ್ದ ಶಿಲುಬೆ ಇದೇ ಪಂಗಡದ್ದು. ಹಾಗಾಗಿ ಮೆಣಸಿನ ದುಡ್ಡು ಮುಗಿದದ್ದು ಲಿಸ್ಬನ್ನಿನಲ್ಲಿ, ಬಂಡವಾಳ ಹುಟ್ಟಿದ್ದು ಇಲ್ಲಿ.

ಅಲ್ಲೊಂದು ಕಿಟಕಿ ಇದೆ. ನಾವು ಎದುರಿಗೆ ಕೂತು ಅರ್ಧ ಗಂಟೆ ನೋಡಿದೆವು. ಕಲ್ಲಿನಲ್ಲಿ ಹೊಸೆದ ಹಗ್ಗ, ಹವಳ, ಕಡಲ ಪಾಚಿ, ತುದಿಯಲ್ಲಿ ಶಿಲುಬೆ. ಕೆಳಗೆ ಗಡ್ಡದ ಮನುಷ್ಯನೊಬ್ಬ ಇಷ್ಟೂ ಭಾರ ಹೊತ್ತುಕೊಂಡಿದ್ದಾನೆ. ಇಕ್ಕೇರಿಯ ಅಘೋರೇಶ್ವರನ ಗೋಡೆ ನೋಡಿ ಬೆಳೆದವಳು ನಾನು, ಕೆತ್ತನೆಗೆ ಸುಲಭಕ್ಕೆ ಬೆರಗಾಗುವವಳಲ್ಲ. ಇದಕ್ಕೆ ಆದೆ.

ಊಟದ ವಿಷಯ. ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಅದು ಬಿಟ್ಟಿ ಅಲ್ಲ, ತಿಂದರೆ ಬಿಲ್ಲಿಗೆ ಬರುತ್ತದೆ. ಬೇಡ ಅಂದರೆ ವಾಪಸ್ ಒಯ್ಯುತ್ತಾರೆ. ಹಸಿರು ಸೊಪ್ಪಿನ ಸೂಪ್ ನೋಡಿ ಸಸ್ಯಾಹಾರಿಗಳು ಖುಷಿ ಪಡಬಾರದು, ಹಂದಿ ಮಾಂಸದ ಚೂರು ಹಾಕುವ ರೂಢಿ ಇದೆ. ಮೊದಲೇ ಕೇಳಬೇಕು. ನಮಗೆ ಮಧ್ಯಾಹ್ನದ ಊಟ ಮನೆಯಲ್ಲೇ. ಕೊಯಿಂಬ್ರಾದ ಆಸುಪಾಸಿನ ಗದ್ದೆಗಳಲ್ಲಿ ಕರೊಲಿನೊ ಅಂತ ಒಂದು ಬಗೆಯ ಅಕ್ಕಿ ಬೆಳೆಯುತ್ತಾರೆ. ಅನ್ನ ಅಂಟಂಟು, ಆದರೆ ಗಂಜಿಗೆ ಹೇಳಿ ಮಾಡಿಸಿದ್ದು. ಲಿಸ್ಬನ್ನಿನ ಮಾರ್ತಿಂ ಮೊನೀಸ್ ಚೌಕದ ಕಡೆ ಬೇಳೆ, ಸಾಸಿವೆ, ಕರಿಬೇವು ಎಲ್ಲ ಸಿಗುತ್ತದೆ.

ಅಂಗಡಿಯಲ್ಲಿ ಇವರು ಮೆಣಸಿನ ಡಬ್ಬಿ ತಿರುಗಿಸಿ ನೋಡಿದರು. ವಿಯೆಟ್ನಾಂದು. ಒಂದು ಕಾಳು ಕಚ್ಚಿ, "ಖಾರ ಉಂಟು, ಪರಿಮಳ ಇಲ್ಲ" ಅಂದರು. ಬೆಳೆಗಾರನ ಮಾತು, ಪಕ್ಷಪಾತ ಇದ್ದದ್ದೇ.

ಹಳೇ ಕಾಲದಲ್ಲಿ ಮೆಣಸು ಲಿಸ್ಬನ್ನಿಗೆ ಬಂದು ನಿಲ್ಲುತ್ತಿರಲಿಲ್ಲ. ಹೆಚ್ಚಿನದು ಉತ್ತರಕ್ಕೆ, ಈಗ ಬೆಲ್ಜಿಯಂನಲ್ಲಿರುವ ಆಂಟ್ವರ್ಪಿನ ಸಂತೆಗೆ ಹೋಗುತ್ತಿತ್ತು. ಪೋರ್ಚುಗಲ್ ರಾಜನ ವ್ಯಾಪಾರದ ಕೋಠಿ ಅಲ್ಲಿಯೂ ಇತ್ತು. ಹಾಗಾಗಿ ಇನ್ನೊಂದು ಸಲ ಕೊಯ್ಲು ಮುಗಿಸಿ ಬೆಲ್ಜಿಯಂ ಅಂತ ಮಾತಾಡಿಕೊಂಡಿದ್ದೇವೆ. ಅಲ್ಲಿ ಏಪ್ರಿಲಿನಲ್ಲಿ ಚಳಿ ಜಾಸ್ತಿ, ಮೇ ಹಿಡಿದರೆ ಸರಿ. ಈ ವರ್ಷ ಬಳ್ಳಿಗೆ ಸೊರಗು ರೋಗ ಬರದಿದ್ದರೆ ಟಿಕೆಟ್ ಮಾಡಿಸುತ್ತೇವೆ.